ಗದ್ದೆಯಲ್ಲಿ ನಿಂತ ಬಸ್‌ಸ್ಟ್ಯಾಂಡ್

"ದೊಡ್ಡಮ್ಮ, ಈ ಕಂಪ್ಯೂಟರಿಗೆ ಬಾಲ ಸೇರ್ತಾ ಇಲ್ಲ!"

ಮೇಘನ ಮೇಜಿನ ಕೆಳಗಿನಿಂದ ಕೂಗಿದಳು. ಹೊರಗೆ ಕಾಣುತ್ತಿದ್ದದ್ದು ಅವಳ ಎರಡು ಪಾದ ಮಾತ್ರ.

"ಬಾಲ ಸೇರದಿದ್ರೆ ಮೂತಿ ಸೇರಿಸಿ ನೋಡು," ಎಂದರು ಅನ್ನಪೂರ್ಣಮ್ಮ.

"ತಮಾಷೆ ಬೇಡ. ನಿಮ್ಮ ಜಿಪಿಎಸ್ ವಯರಿನ ತುದಿ ಇಷ್ಟಗಲ ಉಂಟು. ಹೊಸ ಕಂಪ್ಯೂಟರಲ್ಲಿ ಅದನ್ನ ಚುಚ್ಚೋ ಜಾಗವೇ ಇಲ್ಲ. ಹಿಂದೆ ಒಂದು ಹಳೇದಿದೆ, ಅದನ್ನೇ ಎಬ್ಬಿಸ್ಬೇಕು. ಈ ಜಿಪಿಎಸ್ಸಿನ ಯಜಮಾನ ಸಿದ್ದಾರ್ಥ ಬಂದಾಗಲೂ ಅದ್ರಲ್ಲೇ ಹಾಕಿದ್ದು."

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಮೇಘನಳ ಕಂಪ್ಯೂಟರ್ ಸೆಂಟರಿನಲ್ಲಿ ಆ ಹೊತ್ತಿಗೆ ಗಿರಾಕಿಗಳಿರಲಿಲ್ಲ. ಇದ್ದವರೆಲ್ಲ ಪತ್ತೇದಾರಿಕೆಗೆ ಸಂಬಂಧಪಟ್ಟವರೇ. ನಡುವಿನ ಕುರ್ಚಿಯಲ್ಲಿ ಪತ್ತೇದಾರಿಣಿ ಅನ್ನಪೂರ್ಣಮ್ಮ. ಪ್ರಿಂಟರ್ ಪಕ್ಕದ ಕುರ್ಚಿಯಲ್ಲಿ, ಪತ್ತೆ ಮಾಡಿಕೊಡಿ ಎಂದು ಅವರನ್ನು ಕರೆಸಿಕೊಂಡ ಉಪ್ಪಿನಕಾಯಿ ಸುಲೋಚನಮ್ಮ. ಬಾಗಿಲ ಬಳಿ, ಎಷ್ಟು ಹೇಳಿದರೂ ಕೂರದೆ, ಕಳ್ಳ ಎನ್ನಿಸಿಕೊಂಡ ಕರಿಯಣ್ಣ.

ಕೆರೆಕಟ್ಟೆಯ ಕಾಡಂಚಿನಲ್ಲಿ ಎರಡು ಮಾವಿನ ಮರಗಳ ಕೊಂಬೆಗಳನ್ನು ಯಾರೋ ಬುಡಕ್ಕೇ ಕಡಿದು, ಉಪ್ಪಿನಕಾಯಿಯ ಎಳೆಗಾಯಿ ಮಿಡಿಯನ್ನು ಹೊತ್ತೊಯ್ದಿದ್ದರು. ಮರ ಹತ್ತುವವನು ಕರಿಯಣ್ಣನೇ ಆದ್ದರಿಂದ ಕಡಿದವನೂ ಅವನೇ ಎಂದು ಊರು ತೀರ್ಮಾನಿಸಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೆ ಊರುಗಳಿಗೆ ಕಾರಣ ಬೇಕೇ? ಮಿಡಿಯ ಕಾಲವಾಗಿದ್ದರೂ ಕರಿಯಣ್ಣನನ್ನು ಯಾರೂ ಮರಕ್ಕೆ ಕರೆಯಲಿಲ್ಲ. ಅವನ ಹೆಂಡತಿ ಯಲ್ಲಕ್ಕನನ್ನು ತೋಟದ ಕೆಲಸಕ್ಕೂ ಕೂಗಲಿಲ್ಲ. ಮಗ ಸುಂದರೇಶ ಊರಲ್ಲಿ ಕೆಲಸ ತಪ್ಪಿ, ಎಲ್ಲಿ ಸಿಕ್ಕಿದರೆ ಅಲ್ಲಿಗೆ ಹಗ್ಗ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಈಗ, ಮಾರನೆಯ ದಿನ ಊರಿನ ಹಿರಿಯರು ಸೇರಿ, ಕರಿಯಣ್ಣನ ಮನೆಯವರು ಇನ್ನು ಮುಂದೆ ಯಾವ ಮರವನ್ನೂ ಮುಟ್ಟಕೂಡದು ಎಂದು ಕಟ್ಟುಮಾಡುವವರಿದ್ದರು. ತಾತನ ಕಾಲದಿಂದ ಮರ ಹತ್ತಿ ಬದುಕಿದ ಮನೆಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

"ಕೂತ್ಕೊ ಮಾರಾಯ," ಎಂದರು ಅನ್ನಪೂರ್ಣಮ್ಮ. "ನೀನು ನಿಂತ್ರೆ ನನ್ನ ಕಾಲು ನೋಯ್ತದೆ."

"ಬೇಡ ಅಮ್ಮ. ಕಾಲಲ್ಲಿ ಮಣ್ಣು."

"ಮಣ್ಣಿಲ್ಲದ ಕಾಲು ಈ ತಾಲ್ಲೂಕಲ್ಲಿ ಯಾರಿಗಿದೆ? ಕೂತ್ಕೊ."

ಅವನು ಸ್ಟೂಲಿನ ತುದಿಯಲ್ಲಿ ಕೂತ. ಪೂರ್ತಿ ಕೂರಲು ಧೈರ್ಯ ಬರಲಿಲ್ಲ.

ಅನ್ನಪೂರ್ಣಮ್ಮ ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಇಡೀ ತಾಲ್ಲೂಕಿನ ಗಂಟಲುಗಳನ್ನು ಕಿವಿಯಲ್ಲಿ ತುಂಬಿಕೊಂಡು ನಿವೃತ್ತರಾದವರು. ಯಾರು ನಿಜ ಹೇಳುತ್ತಾರೆ, ಯಾರು ಹೊಸೆಯುತ್ತಾರೆ ಎಂಬುದು ಒಂದು ಹಲೋದಲ್ಲೇ ತಮಗೆ ಗೊತ್ತಾಗುತ್ತದೆ ಎಂದು ಅವರಿಗೆ ಜಂಬ. ಜಂಬ ಪಡುವಷ್ಟು ಕೇಸುಗಳನ್ನು ಗೆದ್ದೂ ಇದ್ದರು. ಅವರಿಗಿದ್ದ ಒಂದೇ ದೋಷವೆಂದರೆ, ಗೆದ್ದ ಕೂಡಲೇ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೇಳುವ ಕೆಲಸದಲ್ಲಿ ಅಷ್ಟು ವರ್ಷ ಕೂತವರು ಈಗ ಆಡುವ ಸರದಿ ನನ್ನದು ಎಂದು ಭಾವಿಸಿದಂತಿತ್ತು.

ಹಳೆಯ ಕಂಪ್ಯೂಟರ್ ಗೊರಗೊರ ಸದ್ದು ಮಾಡಿ ಎದ್ದಿತು. ಮೇಘನ ವಯರಿನ ಒಂದು ತುದಿಯನ್ನು ಅದರ ಬೆನ್ನಿಗೆ ತಿರುಪಿ, ಇನ್ನೊಂದನ್ನು ಹಳದಿ ಬಣ್ಣದ ಜಿಪಿಎಸ್ಸಿಗೆ ಸಿಕ್ಕಿಸಿದಳು.

ಆ ಹಳದಿ ಪೆಟ್ಟಿಗೆ ನರಸಿಂಹರಾಜಪುರದ ಸಿದ್ದಾರ್ಥನದು. ತೋಟಗಾರಿಕೆ ಓದಿದ ಹುಡುಗ. ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿ ಮಾವಿನ ತಳಿಗಳು ಅಳಿದುಹೋಗಬಾರದು, ಕಸಿ ಕಟ್ಟಿ ಉಳಿಸಬೇಕು ಎಂದು ಹಟ ಹಿಡಿದು, ಹೊಳೆದಂಡೆ, ಹಳ್ಳದ ಓಣಿ ಎಲ್ಲ ತಿರುಗಿ ಒಂದೊಂದು ಮರದ ಬುಡದಲ್ಲೂ ನಿಂತು ಗುಂಡಿ ಒತ್ತಿ ಗುರುತು ಹಾಕಿಕೊಂಡಿದ್ದ. ಅದಕ್ಕೆ ವೇಪಾಯಿಂಟ್ ಎನ್ನುತ್ತಾರೆ ಎಂದು ಹಿಂದಿನ ದಿನ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಅನ್ನಪೂರ್ಣಮ್ಮನಿಗೆ ಪಾಠ ಮಾಡಿ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟಿದ್ದ.

"ಎರಡು ಗುಂಡಿ ಕಲಿತ್ರೆ ಸಾಕಮ್ಮ," ಎಂದಿದ್ದ. "ಒಂದು ಗುರುತು ಹಾಕ್ಲಿಕ್ಕೆ. ಇನ್ನೊಂದು ಆ ಗುರುತು ಎಲ್ಲಿದೆ ಅಂತ ಬಾಣ ತೋರಿಸ್ಲಿಕ್ಕೆ."

ಕಲಿತರು. ಈ ದಿನ ಬೆಳಗಿನ ಬಸ್ಸಿಗೇ ಕೆರೆಕಟ್ಟೆಗೆ ಹೋಗಿ ಕಡಿದ ಮರಗಳನ್ನು ನೋಡಿದರು. ಹಿಂದಿರುಗುವ ಬಸ್ಸಿಗೆ ಕರಿಯಣ್ಣನನ್ನೂ ಹತ್ತಿಸಿಕೊಂಡು ಬಂದರು. ಅಲ್ಲಿ ಕಂಡ ಒಂದು ವಿಷಯ ಅವರ ತಲೆಯೊಳಗೆ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಆದರೆ ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ಬರ್ತಾ ಇದೆ!" ಎಂದಳು ಮೇಘನ.

ಪರದೆಯ ಮೇಲೆ ಸರ್ವೆಯವರ ಹಳೆಯ ನಕ್ಷೆ. ಕಂದು ಗೆರೆಯ ಗುಡ್ಡ, ನೀಲಿ ಗೆರೆಯ ಹಳ್ಳ. ಅದರ ಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು. ಶೃಂಗೇರಿಯ ಕೆಳಗೆ ತುಂಗೆಯ ದಂಡೆಯಲ್ಲಿ ಒಂದಷ್ಟು, ಭಂಡಿಗಡಿಯ ಕಡೆ ಒಂದೆರಡು, ಕೆರೆಕಟ್ಟೆಯಲ್ಲಿ ಒಂದು ಗುಂಪು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಎಂದು ಬಂದವು.

ಅನ್ನಪೂರ್ಣಮ್ಮನಿಗೆ ಖುಷಿಯೋ ಖುಷಿ. "ನೋಡು ಕರಿಯಣ್ಣ, ಕಾಡಲ್ಲಿ ಒತ್ತಿದ್ದು ಪೇಟೇಲಿ ಮೊಳೀತಾ ಇದೆ!"

"ನನ್ನ ಮರ ಎಲ್ಲಿ?" ಎಂದು ಸುಲೋಚನಮ್ಮ ಕೂತಲ್ಲಿಂದಲೇ ಪರದೆಯ ಕಡೆ ಬಗ್ಗಿದರು. ನಗುಮುಖದ ಹೆಂಗಸು. ಅವರ ಭರಣಿಯ ಮಿಡಿ ಉಪ್ಪಿನಕಾಯಿ ಇಲ್ಲದೆ ಕೊಪ್ಪದ ಮದುವೆ ಊಟಕ್ಕೆ ಎಲೆ ಹಾಕುವುದಿಲ್ಲ ಎಂಬ ಮಾತಿತ್ತು. "ಜೀರಿಗೆ ಮಿಡಿಯ ಮರ ಎಲ್ಲಿ ಅನ್ನಪೂರ್ಣಕ್ಕ? ಅಯ್ಯೋ, ಅದನ್ನೇ ಕಡಿದ್ಬಿಟ್ನಲ್ಲ ಪಾಪಿ!" ಎಂದು ಕರಿಯಣ್ಣನ ಕಡೆ ನೋಡಿದರು.

ಜೀರಿಗೆ ಮಿಡಿ ಎಂದರೆ ಅಪ್ಪೆಮಿಡಿಗಳಲ್ಲೇ ಪಟ್ಟದ ರಾಣಿ. ಕಚ್ಚಿದರೆ ಜೀರಿಗೆಯ ಘಮ. ಆ ತಳಿಯ ಮರ ಆ ಸೀಮೆಯಲ್ಲಿ ಉಳಿದಿದ್ದು ಒಂದೇ ಒಂದು. ಕಡಿದದ್ದು ಅದನ್ನೇ ಎಂದು ಊರಿಗೆ ಹೇಳಿದವರೂ ಸುಲೋಚನಮ್ಮನೇ.

"ತಡೀರಿ," ಎಂದರು ಅನ್ನಪೂರ್ಣಮ್ಮ. "ಮೊದಲು ಇದೆಂತ ಹೇಳಿ. ಮೇಘನ, ಆ ಚುಕ್ಕೆ ಯಾವುದು? ಕೊಪ್ಪದಲ್ಲಿ?"

ಮೇಘನ ಚುಕ್ಕೆಯನ್ನು ಒತ್ತಿದಳು. "ಇದು ಇವತ್ತಿಂದು. ಈಗ ಅರ್ಧ ಗಂಟೆ ಹಿಂದೆ ಹಾಕಿದ್ದು."

"ನಾನೇ ಹಾಕಿದ್ದು. ಬಸ್ಸಿಳಿದು, ನಿನ್ನ ಅಂಗಡಿ ಮೆಟ್ಟಿಲ ಮೇಲೆ ನಿಂತು, ಅಭ್ಯಾಸ ಇರ್ಲಿ ಅಂತ ಒತ್ತಿದೆ."

"ಇರ್ಲಿಕ್ಕಿಲ್ಲ ದೊಡ್ಡಮ್ಮ. ಇದು ಗದ್ದೆ ನಡುವೆ ಉಂಟು."

ಎಲ್ಲರೂ ಬಗ್ಗಿ ನೋಡಿದರು. ನಕ್ಷೆಯಲ್ಲಿ ಬಸ್‌ಸ್ಟ್ಯಾಂಡಿನ ಜಾಗ ಒಂದು ಕಡೆ. ಅನ್ನಪೂರ್ಣಮ್ಮ ನಿಂತ ಚುಕ್ಕೆ ಅಲ್ಲಿಂದ ಒಂದು ಕೂಗಳತೆ ದೂರದಲ್ಲಿ, ಯಾರದೋ ಗದ್ದೆಯ ನಟ್ಟನಡುವೆ.

"ಹಾಗಾದ್ರೆ ನಾವೀಗ ಕೆಸರಲ್ಲಿ ಕೂತು ಮಾತಾಡ್ತಿದ್ದೀವಾ?" ಎಂದರು ಅನ್ನಪೂರ್ಣಮ್ಮ.

ಮೇಘನ ನಕ್ಕಳು. ಸುಲೋಚನಮ್ಮ ನಕ್ಕರು. ಕರಿಯಣ್ಣನೂ, ಎಷ್ಟೋ ದಿನಗಳ ಮೇಲೆ, ಹಲ್ಲು ತೋರಿಸಿದ. ನಗುತ್ತಿದ್ದ ಅನ್ನಪೂರ್ಣಮ್ಮ ಮಾತ್ರ ಅರ್ಧಕ್ಕೇ ನಿಲ್ಲಿಸಿದರು.

"ಮೇಘನ, ಕೆರೆಕಟ್ಟೆ ತೋರಿಸು. ಜೀರಿಗೆ ಮಿಡಿ ಅಂತ ಸಿದ್ದಾರ್ಥ ಬರೆದ ಚುಕ್ಕೆ."

ತೋರಿಸಿದಳು. ಚುಕ್ಕೆ ಹಳ್ಳದ ತಿರುವಿನಲ್ಲಿ, ಮೋರಿಯ ಪಕ್ಕದಲ್ಲಿ ಕೂತಿತ್ತು.

"ಕಡಿದ ಮರ ಅಲ್ಲೇ ಇರೋದು," ಎಂದರು ಸುಲೋಚನಮ್ಮ. "ಮೋರಿ ಪಕ್ಕ. ಸರಿಯಾಗೇ ತೋರಿಸ್ತದೆ ನಿಮ್ಮ ಯಂತ್ರ."

"ಅದೇ ತಪ್ಪು!" ಎಂದು ಅನ್ನಪೂರ್ಣಮ್ಮ ಚಪ್ಪಾಳೆ ತಟ್ಟಿದರು.

ಯಾರಿಗೂ ಅರ್ಥವಾಗಲಿಲ್ಲ. ಅವರು ಸೆರಗಿನ ಗಂಟು ಬಿಚ್ಚಿ ನಾಲ್ಕಾರು ಬಾಡಿದ ಮಿಡಿಗಳನ್ನು ಮೇಜಿನ ಮೇಲಿಟ್ಟರು.

"ಬೆಳಿಗ್ಗೆ ಆ ಮೋರಿ ಪಕ್ಕದ ಮರದ ಬುಡದಲ್ಲಿ ನಿಂತು ಪೆಟ್ಟಿಗೆಯ ಎರಡನೇ ಗುಂಡಿ ಒತ್ತಿದೆ. ಬಾಣ ಎಂತ ಹೇಳ್ತು ಗೊತ್ತಾ? ಜೀರಿಗೆ ಮಿಡಿ ಇಲ್ಲಲ್ಲ, ಹಳ್ಳದಾಚೆ, ಒಂದು ಕೂಗಳತೆ ದೂರ ಅಂತ. ಪೆಟ್ಟಿಗೆಗೆ ಹುಚ್ಚು ಅಂದ್ಕೊಂಡೆ. ಹಳ್ಳ ದಾಟಿ ನೋಡೋಣ ಅಂದ್ರೆ ಬಸ್ಸು ತಪ್ತಿತ್ತು. ಮತ್ತೆ ಈ ಮಿಡಿ ಹೆಕ್ಕಿ ತೊಟ್ಟು ಮುರಿದೆ. ಮೂಸಿ ನೋಡಿ."

ತೊಟ್ಟು ಮುರಿದರೆ ಬರುವ ಸೊನೆಯನ್ನು ಮೂಸಿಯೇ ಮರದ ಜಾತಿ ಹೇಳುವುದು ಈ ಸೀಮೆಯ ಕ್ರಮ. ನೋಟಕ್ಕೆ ಎಲ್ಲ ಮಿಡಿಯೂ ಒಂದೇ. ಸೊನೆ ಸುಳ್ಳು ಹೇಳುವುದಿಲ್ಲ. ಮೇಘನ ಒಂದನ್ನು ಮುರಿದು ಮೂಗಿಗೆ ಹಿಡಿದಳು.

"ಬರೀ ಸೀಮೆಎಣ್ಣೆ ವಾಸನೆ!"

"ಕೊಡಿ ಸುಲೋಚನಮ್ಮನ ಕೈಗೆ. ಅವರ ಮೂಗಿಗಿಂತ ಮೂಗಿಲ್ಲ."

"ಬಾಡಿದ ಮಿಡಿ ಎಂತ ಮೂಸೋದು ಅನ್ನಪೂರ್ಣಕ್ಕ," ಎಂದು ಸುಲೋಚನಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಂಡರು. "ನನಗೆ ಶೀತ ಬೇರೆ."

ಕರಿಯಣ್ಣ ಸ್ಟೂಲಿನಿಂದ ಎದ್ದು ನಿಂತ. "ನಾನು ಅವತ್ತೇ ಹೇಳ್ದೆ ಅಮ್ಮ. ಕಡಿದಿದ್ದು ಬರೀ ಕಾಡಿನ ಕಾಟುಮಾವು, ಮಿಡಿ ಮರ ಅಲ್ವೇ ಅಲ್ಲ ಅಂತ. ಕಳ್ಳ ಇನ್ನೆಂತ ಹೇಳ್ತಾನೆ ಅಂದ್ರು."

"ಯಾರೂ ಕೇಳಿಲ್ಲ ಅಲ್ವಾ? ಈಗ ಕೇಳ್ತಾರೆ. ಮೇಘನ, ಪೆಟ್ಟಿಗೆ ಒಂದು ಹೇಳ್ತದೆ, ಪರದೆ ಇನ್ನೊಂದು ಹೇಳ್ತದೆ. ಯಾಕೆ?"

ಮೇಘನ ಆಗಲೇ ಸಾಫ್ಟ್‌ವೇರಿನ ಒಳಗೆಲ್ಲ ಕೈಯಾಡಿಸುತ್ತಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಕುಂಯ್ ಕುಂಯ್ ಎಂದು ಅಳತೊಡಗಿತು. "ಐದು ನಿಮಿಷ ತಡೀತದೆ," ಎಂದು ಅವಳು ಹಲ್ಲು ಕಚ್ಚಿ ಒಂದೊಂದೇ ಕಿಟಕಿ ತೆರೆದು ಮುಚ್ಚಿದಳು. ಕೊಪ್ಪದಲ್ಲಿ ಕಂಪ್ಯೂಟರ್ ಕಲಿತವರಿಗೆ ಬೇರೆ ಊರಿನವರಿಗಿಂತ ಕೈ ಚುರುಕು. ಕಲಿಸಿದ್ದು ವಿದ್ಯುತ್ ಇಲಾಖೆ.

"ಸಿಕ್ತು ದೊಡ್ಡಮ್ಮ! ಇಲ್ಲಿ ನೋಡಿ. ಈ ಹಳೇ ನಕ್ಷೆ ಮಾಡಿದವರು ಭೂಮಿ ಅಳೆದ ಲೆಕ್ಕ ಬೇರೆ. ಉಪಗ್ರಹ ಅಳೆಯೋ ಲೆಕ್ಕ ಬೇರೆ. ಎರಡನ್ನೂ ಹೊಂದಿಸಿ ಅಂತ ಇಲ್ಲೊಂದು ಕಡೆ ಹೇಳ್ಬೇಕಿತ್ತು. ಯಾರೂ ಹೇಳಿಲ್ಲ."

"ಅವರ ಕೊಳಗವೇ ಬೇರೆ, ಇವರ ಕೊಳಗವೇ ಬೇರೆ ಅನ್ನು."

"ಹೂಂ. ಅದಕ್ಕೇ ಎಲ್ಲಾ ಚುಕ್ಕೆಯೂ ಒಂದೇ ಕಡೆಗೆ ಅಷ್ಟಷ್ಟೇ ಜಾರಿವೆ. ಸಿದ್ದಾರ್ಥ ಕಾಡಲ್ಲಿ ಪೆಟ್ಟಿಗೆ ಹಿಡ್ಕೊಂಡೇ ನಡೀತಾನೆ, ಅವನಿಗೆ ಈ ಪರದೆ ಬೇಕೇ ಆಗಿಲ್ಲ. ಈಗ ನೋಡಿ."

ಅವಳು ಒಂದು ಗುಂಡಿ ಒತ್ತಿದಳು. ಕೆಂಪು ಚುಕ್ಕೆಗಳೆಲ್ಲ ಒಟ್ಟಿಗೆ ಹಾರಿ ಕೂತವು. ಕೊಪ್ಪದ ಚುಕ್ಕೆ ಗದ್ದೆಯಿಂದ ಎದ್ದು ಬಸ್‌ಸ್ಟ್ಯಾಂಡಿನ ಎದುರಿಗೆ ಬಂದು ನಿಂತಿತು. ಕೆರೆಕಟ್ಟೆಯ ಜೀರಿಗೆ ಮಿಡಿ ಹಳ್ಳವನ್ನು ದಾಟಿ ಆಚೆ ದಂಡೆಯ ಬಂಡೆಸಾಲಿನ ಮೇಲೆ ಹತ್ತಿತು.

ಅದೇ ಗಳಿಗೆಗೆ ಕರೆಂಟೂ ಬಂತು. ಮೇಲಿನ ಫ್ಯಾನು ತಿರುಗಿತು. ಅನ್ನಪೂರ್ಣಮ್ಮನಿಗೆ ದೇವರೇ ಹೌದು ಎಂದ ಹಾಗಾಯಿತು.

"ಈಗ ಕೇಳಿ ಎಲ್ಲರೂ," ಎಂದು ಎದ್ದು ನಿಂತರು. ಇಂಥ ಗಳಿಗೆಗಾಗಿಯೇ ಅವರು ಬದುಕಿದ್ದದ್ದು. "ಮರ ಕಡಿದವನು ಮೋರಿ ಪಕ್ಕಕ್ಕೆ ಯಾಕೆ ಹೋದ? ಪೆಟ್ಟಿಗೆ ಹಿಡ್ಕೊಂಡು ಹೋಗಿದ್ರೆ ಬಾಣ ಹಳ್ಳ ದಾಟಿಸ್ತಿತ್ತು. ಮರ ಗೊತ್ತಿದ್ದವನಾದ್ರೆ ಕಣ್ಣು ಕಟ್ಟಿಕೊಂಡೂ ತಪ್ತಿರ್ಲಿಲ್ಲ. ಎರಡೂ ಇಲ್ಲದವನು, ಈ ಪರದೆಯ ತಪ್ಪು ನಕ್ಷೆ ನೋಡಿ, ಚುಕ್ಕೆ ಎಲ್ಲಿದೆಯೋ ಅಲ್ಲಿಗೆ ಹೋದ. ಅಲ್ಲಿ ಸಿಕ್ಕ ಮಾವಿನ ಮರವನ್ನೇ ಕಡಿದ. ಇನ್ನೊಂದು ಮರದ್ದೂ ಇದೇ ಕತೆ, ಅದಕ್ಕೂ ಚುಕ್ಕೆಗೂ ಅಷ್ಟೇ ದೂರ. ಕಳ್ಳ ಹೊತ್ಕೊಂಡು ಹೋಗಿದ್ದು ಸೀಮೆಎಣ್ಣೆ ಮಿಡಿ! ಭರಣಿಗೆ ಹಾಕಿದ್ರೆ ದೀಪ ಹಚ್ಚಬಹುದು!"

ಮೇಘನ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕರಿಯಣ್ಣನಿಗೆ ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲ, ಈ ಅಂಗಡಿ ಮೆಟ್ಟಿಲು ಹತ್ತಿದ್ದೂ ಇವತ್ತೇ. ಅವನಿಗೆ ಮರ ಗೊತ್ತು. ಗೊತ್ತಿದ್ದವನು ತಪ್ಪು ಮರ ಕಡಿಯೋದಿಲ್ಲ. ಮುಗೀತು!"

ಕರಿಯಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಒರೆಸಿಕೊಂಡು ತೆಗೆದಾಗ ಕಣ್ಣು ಕೆಂಪಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು. "ಯಲ್ಲಕ್ಕನಿಗೆ ಹೇಳ್ಬೇಕು," ಎಂದ. ಆಮೇಲೆ ಸ್ಟೂಲಿನ ಮೇಲೆ ಪೂರ್ತಿ ಕೂತ.

ಅದನ್ನು ನೋಡಿ ಅನ್ನಪೂರ್ಣಮ್ಮನ ಎದೆ ತುಂಬಿ ಬಂತು. ಈ ಕೇಸಿಗೆ ಇನ್ನೇನೂ ಸಿಗದಿದ್ದರೂ ಇಷ್ಟು ಸಾಕು ಎನ್ನಿಸಿತು.

"ಹಾಗಾದ್ರೆ ನಿಜವಾದ ಜೀರಿಗೆ ಮರ ಹಾಗೇ ಉಂಟಾ?" ಎಂದರು ಸುಲೋಚನಮ್ಮ. ದನಿ ಸ್ವಲ್ಪ ಏರಿತ್ತು. "ಮಿಡಿ ಸಮೇತ? ಎಲ್ಲಿ ಅನ್ನಪೂರ್ಣಕ್ಕ?"

"ಇಗೋ, ಇಲ್ಲಿ! ಮೋರಿ ದಾಟಿ, ಬಂಡೆಸಾಲಿನ ಬಲಕ್ಕೆ. ಎಳೇ ಮಗುವೂ ಹೋಗಿ ಮುಟ್ಟಬಹುದು."

ಕರಿಯಣ್ಣ ತಲೆ ಕೆರೆದುಕೊಂಡು ಏನೋ ಹೇಳಲು ಬಾಯಿ ತೆರೆದ. ಅನ್ನಪೂರ್ಣಮ್ಮ ಎಡೆ ಕೊಡಲಿಲ್ಲ.

"ಮೇಘನ, ಇದನ್ನ ದೊಡ್ಡದಾಗಿ ಕಲರಲ್ಲಿ ಪ್ರಿಂಟ್ ಹಾಕು. ನಾಳೆ ಹಿರಿಯರೆದುರು ಬಿಚ್ಚಿ ಇಡ್ತೀನಿ. ಬಾಯಿ ಮಾತು ನಂಬದವರು ಬಣ್ಣದ ಕಾಗದ ನಂಬ್ತಾರೆ."

ಪ್ರಿಂಟರ್ ನಿಧಾನವಾಗಿ ಕಾಗದ ನುಂಗತೊಡಗಿತು. ಅದು ಶಾಯಿ ಉಗುಳುತ್ತಿರುವಾಗ ಅನ್ನಪೂರ್ಣಮ್ಮ ಮುಖ್ಯ ಪ್ರಶ್ನೆಗೆ ಬಂದರು.

"ಈ ತಪ್ಪು ನಕ್ಷೆಯನ್ನ ಮೊದಲು ಯಾರು ನೋಡಿದ್ದಾರೆ? ನೆನಪು ಮಾಡ್ಕೊ."

"ಸಿದ್ದಾರ್ಥ. ನಾನು. ಮತ್ತೆ…" ಮೇಘನ ತಡೆದಳು. "ಸಿದ್ದಾರ್ಥ ಹೋದ ಮಾರನೇ ದಿನ ಕಾಂತೇಶಣ್ಣ ಬಂದು ಕೆರೆಕಟ್ಟೆ ಕಡೇದು ಒಂದು ಪ್ರಿಂಟ್ ತಗೊಂಡು ಹೋದ. ಚೆಂದ ಇದೆ, ಬೇಕು ಅಂದ. ಮರ ಕಡಿದದ್ದು ಅದೇ ವಾರ."

"ಯಾವ ಕಾಂತೇಶ? ಜೀಪಿನ ಕಾಂತೇಶನಾ?"

"ಹೂಂ. ಇಲ್ಲೇ ಸ್ಟ್ಯಾಂಡಲ್ಲಿ ಇದಾನೆ."

"ಅವನನ್ನ ಕೂಗಿ ಕರಿ!"

ಸುಲೋಚನಮ್ಮ ಎದ್ದರು. "ಇಷ್ಟು ಒಳ್ಳೇ ಸುದ್ದಿಗೆ ಬಾಯಿ ಸಿಹಿ ಅಲ್ಲ, ಹುಳಿ ಮಾಡ್ಬೇಕು. ಕಾರಲ್ಲಿ ಹೋದ ವರ್ಷದ ಮಿಡಿ ಭರಣಿ ಉಂಟು. ತರ್ತೀನಿ ಇರಿ." ಹೋಗುವಾಗ ಕರಿಯಣ್ಣನ ಭುಜ ತಟ್ಟಿ, "ತಪ್ಪು ತಿಳ್ಕೊಂಡಿದ್ದೆ ಮಾರಾಯ," ಎಂದೂ ಹೇಳಿದರು. ಎಂಥ ದೊಡ್ಡ ಮನಸ್ಸು ಎಂದುಕೊಂಡರು ಅನ್ನಪೂರ್ಣಮ್ಮ.

ಕಾಂತೇಶ ಬಂದ. ಶೃಂಗೇರಿ ದಾರಿಯಲ್ಲಿ ಜೀಪು ಬಾಡಿಗೆ ಓಡಿಸುವವನು. ಮೀಸೆ ಜೋರು, ಮಾತು ಅದಕ್ಕಿಂತ ಜೋರು.

"ಎಂತ ಅನ್ನಪೂರ್ಣಮ್ಮೋರೆ, ಕರೆಸಿದ್ರಂತೆ?"

"ಕೂತ್ಕೊ ಕಾಂತೇಶ. ನೀನೊಂದು ನಕ್ಷೆ…"

"ನಾನು ಯಾವ ನಕ್ಷೆಯೂ ತಗೊಂಡಿಲ್ಲ!"

ಅನ್ನಪೂರ್ಣಮ್ಮ ನಕ್ಕರು. "ತಗೊಂಡಿದೀಯ ಅಂತ ನಾನಿನ್ನೂ ಹೇಳಿಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿಕೊಳ್ತೀಯ?"

ಕಾಂತೇಶನ ಮೀಸೆ ಇಳಿಯಿತು. ಮೇಘನಳ ಕಡೆ ನೋಡಿದ. ಅವಳು ಕೈ ಕಟ್ಟಿ ನಿಂತಿದ್ದಳು.

"ತಗೊಂಡಿದ್ದೆ. ಚೆಂದ ಕಂಡಿತು. ಗೋಡೆಗೆ ಹಾಕ್ಲಿಕ್ಕೆ ಅಂತ."

"ಯಾವ ಗೋಡೆ?"

"ನಡುಮನೇದು."

"ಮೊನ್ನೆ ನಿಮ್ಮನೇಲಿ ಕಾಫಿ ಕುಡಿದು ಬಂದವಳು ನಾನು. ನಡುಮನೆ ಗೋಡೇಲಿ ನಿನ್ನ ಮದುವೆ ಫೋಟೋ ಬಿಟ್ರೆ ಇನ್ನೆಂತದೂ ಇಲ್ಲ."

"ಅಡುಗೆಮನೇಲಿ…"

"ಕಾಂತೇಶ." ಅನ್ನಪೂರ್ಣಮ್ಮ ದನಿ ತಗ್ಗಿಸಿದರು. "ನಿನ್ನ ಗಂಟಲು ನನಗೆ ನೀನು ಹುಡುಗ ಇದ್ದಾಗಿಂದ ಗೊತ್ತು. ಮಂಡಗದ್ದೆಯ ಹುಡುಗಿಗೆ ಫೋನು ಮಾಡಿ, ಕನೆಕ್ಷನ್ ಕೊಡಿ ಅಕ್ಕ ಅಂತ ಬೇಡ್ಕೊಳ್ತಿದ್ದಾಗಲೂ ಗೊತ್ತು. ಸುಳ್ಳು ಹೇಳುವಾಗ ನಿನಗೆ ಉಗುಳು ನುಂಗೋ ಅಭ್ಯಾಸ. ಈಗ ಮೂರು ಸಲ ನುಂಗಿದೆ."

ಕಾಂತೇಶ ನಾಲ್ಕನೆಯ ಸಲ ನುಂಗಿದ.

"ಈ ಕರಿಯಣ್ಣನ ಮುಖ ನೋಡು. ನಾಳೆ ಊರಲ್ಲಿ ಇವನ ಮರ್ಯಾದೆ ಹೋಗ್ತದೆ. ಮರ ನೀನು ಕಡಿದೆಯಾ?"

"ನಾನಾ!" ಕಾಂತೇಶನಿಗೆ ನಿಜವಾಗಿಯೂ ಸಿಟ್ಟು ಬಂತು. "ಏಣಿಯ ಎರಡನೇ ಮೆಟ್ಟಿಲಿಗೇ ನನಗೆ ತಲೆ ತಿರುಗ್ತದೆ. ಮನೇಲಿ ಬಲ್ಬು ಹಾಕೋದೂ ಹೆಂಡ್ತಿ. ಕೇಳಿ ಬೇಕಾದ್ರೆ!"

ಈ ದನಿ ನಿಜದ್ದು. ಯಾವ ಗಂಡಸೂ ಸುಳ್ಳಿಗಾಗಿ ಇಷ್ಟು ನಾಚಿಕೆ ಪಡುವುದಿಲ್ಲ.

"ಹಾಗಾದ್ರೆ ನಕ್ಷೆ ಯಾರಿಗೆ ತಗೊಂಡೆ?"

"ಹೇಳ್ಬಾರ್ದು ಅಂತ ಮಾತು ತಗೊಂಡಿದಾರೆ."

"ಯಾರು?"

ಕಾಂತೇಶ ಕರಿಯಣ್ಣನನ್ನು ನೋಡಿದ. ಕರಿಯಣ್ಣ ಬೇಡಲೂ ಇಲ್ಲ, ಬೈಯಲೂ ಇಲ್ಲ, ಸುಮ್ಮನೆ ನೋಡಿದ.

"ಹಾಳಾಗಿ ಹೋಗ್ಲಿ," ಎಂದ ಕಾಂತೇಶ. "ಸುಲೋಚನಮ್ಮೋರಿಗೆ. ಸಿದ್ದಾರ್ಥ ಮರದ ನಕ್ಷೆ ಮಾಡಿಟ್ಟಿದಾನಂತೆ, ಒಂದು ಕಾಪಿ ತಂದ್ಕೊಡು, 'ನಾನು ಕೇಳಿದ್ರೆ ಕೊಡೋದಿಲ್ಲ' ಅಂದ್ರು. ಎಂತಕ್ಕೆ ಅಂತ ನನಗೆ ಗೊತ್ತಿಲ್ಲ ತಾಯಾಣೆ."

ನಾಲ್ಕು ತಲೆಗಳೂ ಒಟ್ಟಿಗೆ ಪ್ರಿಂಟರ್ ಕಡೆ ತಿರುಗಿದವು.

ಭರಣಿ ತರಲು ಹೋದವರ ಕುರ್ಚಿ ಇನ್ನೂ ಖಾಲಿ. ಪ್ರಿಂಟರಿನ ತಟ್ಟೆಯೂ ಖಾಲಿ.

ಹೊರಗೆ ಸುಲೋಚನಮ್ಮನ ಓಮ್ನಿ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಮೇಘನ ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದಳು.

ಅನ್ನಪೂರ್ಣಮ್ಮ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬಾಯೇ! ಕಳ್ಳರ ಕೈಗೆ ಬೀಗದ ಕೈ ಕೊಟ್ನಲ್ಲ! ಕದ್ದ ಮಿಡಿ ಸೀಮೆಎಣ್ಣೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮೂಸ್ಲಿಲ್ಲ. ನಕ್ಷೆ ಎಲ್ಲಿ ತಪ್ಪಿತು ಅಂತ ತಿಳೀಲಿಕ್ಕೇ ನನ್ನನ್ನ ಕರೆಸಿದ್ದು. ನಾನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನು ಬೇರೆಯವರಿಗೆ ಅವರು ಎಷ್ಟು ಸಲ ಹೇಳಿರಲಿಲ್ಲ!

ಆಗ ಒಂದು ಸದ್ದು ಕೇಳಿಸಿತು. ಕರಿಯಣ್ಣ ನಗುತ್ತಿದ್ದ. ಮೊದಲು ಟವೆಲ್ಲಿನೊಳಗೆ, ಆಮೇಲೆ ಬಹಿರಂಗವಾಗಿ, ಮೈ ಕುಲುಕಿಸಿ.

"ಎಂತ ಮಾರಾಯ, ನಿನ್ನ ಜೀರಿಗೆ ಮರ ಹೋಗ್ತಾ ಇದೆ, ನಗ್ತೀಯಲ್ಲ!"

"ಹೋಗೋದಿಲ್ಲ ಅಮ್ಮ. ಆವಾಗ್ಲೇ ಹೇಳ್ಲಿಕ್ಕೆ ಹೊರಟೆ, ನೀವು ಬಿಡ್ಲಿಲ್ಲ. ಆ ಬಂಡೆ ಮೇಲಿಂದು ಜೀರಿಗೆ ಮರ ಅಲ್ವೇ ಅಲ್ಲ."

"ಏನು?"

"ಸಿದ್ದಾರ್ಥಪ್ಪ ಒಳ್ಳೇವ್ರೇ. ಆದ್ರೆ ನಮ್ಮಲ್ಲಿ ತಾಯಿಮರ ತೋರ್ಸೋ ಕ್ರಮ ಇಲ್ಲ. ಕಸಿ ಕಡ್ಡಿ ಬೇಕಾದ್ರೆ ನಾನೇ ಕೊಯ್ದು ತಂದು ಕೊಡ್ತೀನಿ ಅಂದೆ. ಅವ್ರು ಬಿಡ್ಲಿಲ್ಲ, ಗುಂಡಿ ಒತ್ಬೇಕು ಒತ್ಬೇಕು ಅಂತ ಹಿಂದೇ ಬಂದ್ರು. ಪಾಪ ಅಂತ ಬೇರೊಂದು ಮರದ ಕೆಳಗೆ ನಿಲ್ಸಿ ಒತ್ಸಿದೆ. ಅದೂ ಮಾವೇ. ಮಿಡಿಗಿಂತ ಹೆಜ್ಜೇನು ಜಾಸ್ತಿ, ಅಷ್ಟೇ."

ಕಾಂತೇಶನಿಗೆ ಮೊದಲು ಅರ್ಥವಾಯಿತು. ಅವನು ಮೇಜು ಗುದ್ದಿ ನಕ್ಕ. ಅನ್ನಪೂರ್ಣಮ್ಮನಿಗೂ ತಡೆಯಲಾಗಲಿಲ್ಲ. ಹೆಜ್ಜೇನಿನ ಮರದ ಕೆಳಗೆ ಬಣ್ಣದ ನಕ್ಷೆ ಹಿಡಿದು ನಿಂತ ಸುಲೋಚನಮ್ಮನನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹೆಜ್ಜೇನಿನ ಹುಟ್ಟು ಎಷ್ಟಿದೆ ಮಾರಾಯ?"

"ಎಣಿಸ್ಲಿಕ್ಕೆ ಯಾರು ನಿಂತಾರೆ ಅಮ್ಮ! ಎಲ್ಲ ನೆತ್ತೀಲಿ, ಎಲೆ ಮರೇಲಿ. ಕೆಳಗಿಂದ ಒಂದೂ ಕಾಣೋದಿಲ್ಲ. ಹತ್ತಿ ಕೊಂಬೆಗೆ ಕತ್ತಿ ಹಾಕಿದ ಮೇಲೇ ಗೊತ್ತಾಗೋದು."

"ನಿನ್ನ ಮನೇಲಾದ್ರೂ ಗೊತ್ತಾ, ಯಾವುದು ನಿಜವಾದ ಮರ ಅಂತ?"

"ಎಲ್ಲಿಂದ? ಮಗನಿಗೂ ಇನ್ನೂ ತೋರ್ಸಿಲ್ಲ. ಅಪ್ಪ ನನಗೆ ತೋರ್ಸಿದ್ದು ಅವನಿಗೆ ಮರ ಹತ್ಲಿಕ್ಕೆ ಆಗದೆ ಹೋದ ಮೇಲೆ. ನಾನಿನ್ನೂ ಹತ್ತುತೀನಲ್ಲ," ಎಂದು ಕರಿಯಣ್ಣ ತೋಳು ತಟ್ಟಿ ತೋರಿಸಿದ. ಕಳ್ಳನೆನ್ನಿಸಿಕೊಂಡ ಮನುಷ್ಯ ಇವನೇ ಅಲ್ಲವೇನೋ ಎನ್ನುವಷ್ಟು ಎದೆ ಉಬ್ಬಿತ್ತು.

ಮೇಘನ ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತಳು.

"ಹೋದ್ರು ದೊಡ್ಡಮ್ಮ. ಶೃಂಗೇರಿ ರಸ್ತೆಗೆ ತಿರುಗಿಸಿದ್ರು. ಎಷ್ಟು ಕೈ ಬೀಸಿದ್ರೂ ನಿಲ್ಲಿಸ್ಲಿಲ್ಲ." ಆಮೇಲೆ ಕರಿಯಣ್ಣನನ್ನು ನೋಡಿದಳು. ಅವನು ಯಾಕೆ ನಗುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ.

"ಕರಿಯಣ್ಣ, ಮುಂದಿನ ಸೀಟಲ್ಲಿ ಹಗ್ಗ, ಕತ್ತಿ ಇಟ್ಕೊಂಡು ಕೂತಿದ್ದವನು ನಿನ್ನ ಮಗ ಸುಂದರೇಶ."